ಅದು ಭತ್ತದ ಸುಂಕಲ್ಲ

ನಾನು ಓದಿದ್ದು ಎರಡನೇ ಕ್ಲಾಸು. ಆದರೆ ನಮ್ಮೂರು ಕರೂರಿನಲ್ಲಿ ನಲವತ್ತು ಸುಗ್ಗಿ ಭತ್ತ ತೂರಿದ್ದೇನೆ. ಮೊಮ್ಮಗಳ ವಿಷಯದಲ್ಲಿ ಕೆಲಸಕ್ಕೆ ಬಂದದ್ದು ಆ ವಿದ್ಯೆಯೇ.

ಏಳು ವರ್ಷದ ಹುಡುಗಿಗೆ ರಕ್ತದ ಕ್ಯಾನ್ಸರ್. ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಂದು ಇಂಜೆಕ್ಷನ್ ಬಗ್ಗೆ ಬಿಡಿಸಿ ಹೇಳಿದರು.

"ಅಜ್ಜಿ, ಈ ಕೆಟ್ಟ ಕಣಕ್ಕ ತನ್ನ ಅಡಿಗಿ ತಾನು ಮಾಡಾಕ ಬರಂಗಿಲ್ಲ. ರಕ್ತದಾಗ ಇರೋದ ಕಸ್ಕೊಂಡು ತಿಂತೈತಿ. ಈ ಇಂಜೆಕ್ಷನ್ನಿನಾಗಿನ ಕಿಣ್ವ ಆ ಊಟಾನ ಕತ್ತರಿಸಿ ಹಾಕ್ತೈತಿ."

"ಹಂಗಾರ ಉಪಾಸ ಕೆಡವಿ ಸಾಯಿಸ್ರಿ," ಅಂದೆ.

ಮೊದಲ ಮೂರು ಸಲ ತೊಂದರೆ ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ ಹೋಗುವ ಹಿಂದಿನ ದಿನ ಹುಡುಗಿ ಅಂಗಳದ ಭತ್ತದ ರಾಶಿಗೆ ಹಾರಿದ್ದಳು. ಧೂಳಿಗೆ ಬಿಡಬೇಡಿ ಎಂದಿದ್ದರು, ಬಿಟ್ಟವಳು ನಾನೇ. ಮರುದಿನ ಸೂಜಿ ಹಾಕಿ, ಒಂದು ಗಂಟೆ ಕಣ್ಣಿಟ್ಟಿರಿ ಎಂದು ಕೂರಿಸಿದರು. ಅರ್ಧ ಗಂಟೆಗೆ ಹುಡುಗಿ ಕಿವಿ ಕೆರೆದುಕೊಳ್ಳತೊಡಗಿದಳು.

ಸೊಸೆ ನನ್ನನ್ನು ತಿನ್ನುವಂತೆ ನೋಡಿದಳು. "ನಿಮ್ಮ ರಾಶಿ ಸುಂಕು ಅದು, ಅತ್ತಿ. ಆಡ್ಲಿ ಬಿಡು ಅಂದ್ರಲ್ಲ!"

ಸುಂಕೆಂದರೆ ಭತ್ತದ ತುದಿಯ ಮುಳ್ಳಿನ ಪುಡಿ. ಮೊಣಕೈಗೆ, ಕತ್ತಿನ ಬೆವರಿಗೆ ಹತ್ತುತ್ತದೆ, ಅದೂ ಅದೇ ದಿನ. ಮೈ ತೊಳೆದರೆ ಉಳಿಯುವುದಿಲ್ಲ. ಇದು ತುಟಿಗೆ ಬಂದಿತ್ತು. ತುಟಿ ದಪ್ಪಗಾಗಿತ್ತು.

"ಕುರುಗೋಡಿನ ಗುಡ್ಡದಾಗ ಹುಟ್ಟಿದಾಕಿ, ನಿನಗೇನು ಗೊತ್ತೈತಿ ಸುಂಕು? ಇದು ಸೂಜಿದು. ಸಿಸ್ಟರ್, ಓಡಿ ಬರ್ರಿ!"

ಬಂದರು. ಬೇರೆ ಸೂಜಿ ಕೊಟ್ಟರು, ಆಕ್ಸಿಜನ್ ಇಟ್ಟರು. ಊತ ಇಳಿಯಿತು. ಬೇಗ ಕರೆದದ್ದು ಒಳ್ಳೆಯದಾಯಿತು ಎಂದರು ಡಾಕ್ಟರಮ್ಮ. ರಾಶಿಗೆ ಬಿಟ್ಟದ್ದಕ್ಕೆ ಬೈದರು ಕೂಡ. ಬೈಸಿಕೊಂಡೆ. ನನ್ನ ಹೆದರಿಕೆ ಬೇರೆಯೇ ಇತ್ತು.

"ಇನ್ನ ಈ ಔಷಧ ಬಂದ್ ಏನ್ರಿ? ರೋಗ ಮತ್ತ ಉಂಡು ಕೊಬ್ಬತೈತೇನು?"

"ಇದು ಬಂದ್. ಇದೇ ಕೆಲಸ ಮಾಡೋದು ಇನ್ನೊಂದು ಐತಿ, ಇದನ್ನ ತೆಗಿಯೋ ಬ್ಯಾಕ್ಟೀರಿಯಾ ಬ್ಯಾರೆ, ಅದರದು ಬ್ಯಾರೆ. ಅದಕ್ಕ ಮೈ ಹಿಂಗ ಊದೋದು ಕಡಿಮಿ. ತರಸ್ತೀವಿ."

ತರಿಸಿದರು. ಎಲ್ಲ ಸರದಿ ಮುಗಿಯಿತು. ಕೊನೆಯ ವರದಿಯಲ್ಲಿ ಕೆಟ್ಟ ಕಣ ಒಂದೂ ಕಾಣಲಿಲ್ಲ. ಸಿರುಗುಪ್ಪದಲ್ಲಿ ಬಸ್ಸಿಳಿದು ಒಂದು ಕಿಲೋ ಜಿಲೇಬಿ ಕೊಂಡೆ, ಊರಿನ ಬಸ್ಸಿನಲ್ಲೇ ಹಂಚಿಬಿಟ್ಟೆ.

ಇನ್ನು ಆಡಲಿ ಎಂದು ಡಾಕ್ಟರಮ್ಮನೇ ಹೇಳಿದ ಮೇಲೆ, ಈ ಸುಗ್ಗಿಗೆ ಹುಡುಗಿ ಎರಡು ಜಡೆ ಹಾಕಿಕೊಂಡು ರಾಶಿಗೆ ಹಾರಿದಳು. ಸಂಜೆ ಕೈ ಕೆರೆದುಕೊಂಡಳು. ಸೊಸೆ ಕೆಲಸ ಬಿಟ್ಟು ನನ್ನ ಮುಖ ನೋಡಿದಳು. ನಾನು ತುಟಿ ನೋಡಿದೆ, ಕಿವಿ ನೋಡಿದೆ, ಮೊಣಕೈ ತಿರುಗಿಸಿ ನೋಡಿದೆ.

"ಇದು ಸುಂಕು," ಅಂದೆ. "ನೀರು ಕಾಸು, ಹೋಗು."