ಜಟ್ಟೆಪ್ಪನ ಗೋಡೆಯ ಮೇಲಿನ ಗುಡ್ಡ

ಜಟ್ಟೆಪ್ಪ ತೀರಿಕೊಂಡು ಐದು ತಿಂಗಳಾಯಿತು. ಅಕ್ಕಲಕೋಟೆಯಲ್ಲಿ ಅವನ ಮಾತು ಬಂದರೆ ಜನ ಎರಡು ವಾಕ್ಯದಲ್ಲಿ ಮುಗಿಸುತ್ತಾರೆ: ಒಳ್ಳೆಯವನಿದ್ದ, ತಲೆ ಸ್ವಲ್ಪ ಕೆಟ್ಟಿತ್ತು. ಮೊದಲನೆಯದನ್ನು ಒಪ್ಪುತ್ತೇನೆ. ಎರಡನೆಯದು ಸುಳ್ಳು. ಅದು ಸುಳ್ಳೆಂದು ಎದುರಿಗೆ ಹೇಳಿದರೆ ನನ್ನ ದುಃಖಕ್ಕೆ ಮರುಗಿ ಸುಮ್ಮನಾಗುತ್ತಾರೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ನಾವಿಬ್ಬರೂ ತಡವಳದವರು, ಒಂದೇ ವಾರಗೆಯವರು. ನಾಲ್ಕನೆಯ ಇಯತ್ತೆಯವರೆಗೆ ಒಂದೇ ಸಾಲೆ. ನಾನು ಒಳಗೆ ಕೂಡುತ್ತಿದ್ದೆ. ಅವನು ಕೇರಿಯ ಹುಡುಗ, ಹೊರಗೆ ಕಟ್ಟೆಯ ಮೇಲೆ. ನಡುವೆ ಒಂದು ಕಿಟಕಿ. ನಾನು ಓದಿ ಅಕ್ಕಲಕೋಟೆಯ ಕನ್ನಡ ಸಾಲೆಗೆ ಮಾಸ್ತರನಾದೆ. ಅವನು ಫೌಜಿಗೆ ಸೇರಿದ.

ಕೊರಿಯಾದ ಯುದ್ಧ ನಿಂತ ಮೇಲೆ ತಮ್ಮ ಸೀಮೆಗೆ ಮರಳಲು ಒಲ್ಲೆವೆಂದ ಕೈದಿಗಳನ್ನು ಕಾಯಲು ನಮ್ಮ ದೇಶದ ಫೌಜು ಹೋಯಿತಲ್ಲ, ಐವತ್ಮೂರರಲ್ಲಿ, ಆಗ ಜಟ್ಟೆಪ್ಪನೂ ಹೋದ. ಐದಾರು ತಿಂಗಳು ಮುಳ್ಳುತಂತಿಯ ಹೊರಗೆ ಬಂದೂಕು ಹಿಡಿದು ನಿಂತ. ಅಲ್ಲಿ ಕಂಡದ್ದರಲ್ಲಿ ಅವನು ನನಗೆ ಹೇಳಿದ್ದು ಬಹುಪಾಲು ಒಬ್ಬನೇ ಕೈದಿಯ ಸುದ್ದಿ.

ಕೈದಿಗಳು ಹಗಲೆಲ್ಲ ಬಾವುಟ ಮಾಡುತ್ತಿದ್ದರಂತೆ. ಹಾಸಿಗೆಯ ಬಟ್ಟೆ ಹರಿದು, ಎಲ್ಲಿಂದಲೋ ಬಣ್ಣ ತಂದು, ಬಾವುಟದ ಮೇಲೆ ಬಾವುಟ. ಒಬ್ಬ ಮಾತ್ರ ಅದೇ ಬಣ್ಣ ಕದ್ದು ರೇಶನ್ ಪೆಟ್ಟಿಗೆಯ ಹಲಗೆಯ ಮೇಲೆ ಗುಡ್ಡ ಬರೆಯುತ್ತಿದ್ದ. ಅದರಲ್ಲಿ ಗಿಡವಿಲ್ಲ, ಕಲ್ಲಿಲ್ಲ. ಒಂದು ಕೆಂಪು ತ್ರಿಕೋನ, ಅದರ ಹೆಗಲಿಗೆ ಹಳದಿ ತ್ರಿಕೋನ, ಕೆಳಗೆ ಹಸಿರು ಪಟ್ಟಿ, ಎರಡು ಗುಡ್ಡದ ಸಂದಿಯಲ್ಲಿ ನೀಲಿಯ ಸೀಳು.

"ಹೊರಗಿನ ಗುಡ್ಡ ಸಗಣಿ ಕುಳ್ಳಿನ ಬಣ್ಣ ಇತ್ತೋ ಮಾಸ್ತರ," ಎನ್ನುತ್ತಿದ್ದ ಜಟ್ಟೆಪ್ಪ. "ನಾ ಕೈ ಮಾಡಿ ತೋರ್ಸ್ದೆ. ಅಂವ ತಿರುಗಿ ನೋಡ್ದ. ಹೌದು ಅನ್ನವ್ನಂಗ ತಲಿ ಆಡ್ಸಿ, ಮ್ಯಾಲ ಇನ್ನೊಂದು ಪದರ ಕೆಂಪು ಹಚ್ದ."

ಒಂದು ದಿನ ಆ ಕೈದಿ ಹಲಗೆ ತೋರಿಸಿ "ಸಾನ್, ಸಾನ್" ಎಂದನಂತೆ. ಮರಾಠಿಯಲ್ಲಿ ಸಾನ ಎಂದರೆ ಸಣ್ಣದು. ನಮ್ಮ ಕಡೆಯ ಕಿವಿಗೆ ಬೇರೆ ಅರ್ಥ ಹೊಳೆಯುವುದು ಹೇಗೆ? ಹಲಗೆ ಸಣ್ಣದಾಯಿತೆನ್ನುತ್ತಾನೆ ಎಂದು ತಿಳಿದು ಜಟ್ಟೆಪ್ಪ ಅಡುಗೆಯ ತಂಬುವಿನಿಂದ ದೊಡ್ಡ ಪೆಟ್ಟಿಗೆಯ ಮುಚ್ಚಳ ತಂದುಕೊಟ್ಟ. ಕೈದಿ ಅದರ ತುಂಬ ಗುಡ್ಡ ಬರೆದು ಮತ್ತೆ "ಸಾನ್" ಎಂದ. ಇವನು ಇನ್ನೂ ದೊಡ್ಡದು ತಂದ. ಮೂರನೆಯ ಸಲ ದುಭಾಷಿ ಬಂದು, ಅವರ ಮಾತಿನಲ್ಲಿ ಸಾನ್ ಎಂದರೆ ಗುಡ್ಡ ಎಂದು ಬಿಡಿಸಿ ಹೇಳಿದ. ಅಷ್ಟರಲ್ಲಿ ಗುಡ್ಡ ಆಳೆತ್ತರ ಆಗಿತ್ತು.

ಬಾವುಟದ ಬಣ್ಣ ಹಾಳು ಮಾಡುತ್ತಾನೆಂದು ಜೊತೆಯ ಕೈದಿಗಳಿಗೆ ಸಿಟ್ಟು. ಒಂದು ಮುಂಜಾನೆ ಅವನ ಮುಖ ಬಾತುಕೊಂಡಿತ್ತು. "ಒಂದು ಕಣ್ಣು ಮುಚ್ಚಿ ಹೋಗಿತ್ತು. ಇನ್ನೊಂದ್ರಾಗ ಬರ್ದ," ಎಂದು ಜಟ್ಟೆಪ್ಪ ಅಲ್ಲಿಗೇ ನಿಲ್ಲಿಸುತ್ತಿದ್ದ. ಆ ಮನುಷ್ಯ ಕೊನೆಗೆ ಯಾವ ಸೀಮೆಗೆ ಹೋದನೋ ಇವನಿಗೆ ತಿಳಿಯಲಿಲ್ಲ.

ಐವತ್ತನಾಲ್ಕರಲ್ಲಿ ಜಟ್ಟೆಪ್ಪ ಫೌಜು ಬಿಟ್ಟು ಬಂದ. ಸೊಲ್ಲಾಪುರದಲ್ಲಿ ಚಾದರಿನ ನೂಲಿಗೆ ಬಣ್ಣ ಹಾಕುವ ಅಂಗಳವೊಂದರಲ್ಲಿ ಕೆಲಸ ಸಿಕ್ಕಿತು. ಅಕ್ಕಲಕೋಟೆಯ ಅಂಚಿಗೆ, ದುಧನಿ ರಸ್ತೆಯ ಮೇಲೆ, ಎರಡು ಖೋಲಿಯ ಮನೆ ಕಟ್ಟಿದ. ವಾರದ ರಜೆಗೆ ಬರುತ್ತಿದ್ದ. ಮೊಣಕೈವರೆಗೆ ಒಂದು ವಾರ ಹಸಿರು, ಒಂದು ವಾರ ಕೆಂಪು. ಆ ಕೈ ನೋಡಿ ನನ್ನ ಸಾಲೆಯ ಹುಡುಗರು ಈ ವಾರ ಯಾವ ಚಾದರು ಎಂದು ಊಹಿಸುತ್ತಿದ್ದರು.

ನಮ್ಮ ಸೀಮೆಯಲ್ಲಿ ಗುಡ್ಡವಿಲ್ಲ. ಕರಿ ನೆಲ, ಜೋಳ, ತೊಗರಿ. ಕಣ್ಣು ಹಾಯುವಷ್ಟೂ ಸಪಾಟು. ಐವತ್ತಾರರ ದೀಪಾವಳಿ ಕಳೆದ ಮೇಲೆ ಜಟ್ಟೆಪ್ಪ ತನ್ನ ಮನೆಯ ರಸ್ತೆಕಡೆಯ ಗೋಡೆಯ ಮೇಲೆ ಗುಡ್ಡ ಬರೆಯಲು ನಿಂತ. ಅಂಗಳದಲ್ಲಿ ಉಳಿದ ಬಣ್ಣದ ಗಸಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದ. ಗೆರೆಗೆ ಕಾವಿಯಲ್ಲಿ ಅದ್ದಿದ ದಾರ: ಒಂದು ತುದಿ ಅವನು, ಇನ್ನೊಂದು ತುದಿ ಹೆಂಡತಿ ದ್ರೌಪದಿ, ಜಗ್ಗಿ ಹಿಡಿದು ಮೀಟಿದರೆ ಗೋಡೆಯ ಮೇಲೆ ನೆಟ್ಟಗೆ ಗೆರೆ ಬೀಳುತ್ತಿತ್ತು.

"ಏನವ್ವ ದ್ರೌಪದಿ, ನಿನ್ ಗಂಡ ಗ್ವಾಡಿಗಿ ಕೌದಿ ಹೊಲ್ಯಾಕತ್ತಾನ?" ಎಂದು ನೀರಿಗೆ ಹೊರಟ ಹೆಂಗಸರು ಕೇಳಿದರು.

"ಹೂಂ. ಗ್ವಾಡಿಗಿ ಥಂಡಿ ಹತ್ತ್ಯದ," ಎಂದಳು ದ್ರೌಪದಿ.

ಎರಡು ತಿಂಗಳು ನಗೆಯಲ್ಲಿ ಕಳೆಯಿತು. ಆಮೇಲೆ ಚುನಾವಣೆ ಬಂತು. ಆ ವರ್ಷ ನಮ್ಮ ಕಡೆ ಒಂದು ಬಣ್ಣವೂ ಬರೀ ಬಣ್ಣವಾಗಿ ಉಳಿದಿರಲಿಲ್ಲ. ಗಡಿ ಯಾವ ಕಡೆ ಬೀಳಬೇಕೆಂಬ ಜಗಳ ಒಂದು. ನಾಗಪುರದಲ್ಲಿ ಬೌದ್ಧ ದೀಕ್ಷೆಯಾದ ಮೇಲೆ ಕೇರಿಗಳಲ್ಲಿ ನೀಲಿ ಬಾವುಟ ಏರಿದ್ದು ಇನ್ನೊಂದು. ರುಮಾಲು ಕಂಡರೂ ಜನ ಪಕ್ಷ ಕೇಳುತ್ತಿದ್ದರು.

ಅಮೃತಪ್ಪ ನಮ್ಮ ಭಾಗದ ದೊಡ್ಡ ಹೊಲದ ಸಾಹುಕಾರರು. ಅವರ ಪಕ್ಷದ ಮೆರವಣಿಗೆ ಆ ರಸ್ತೆಯಲ್ಲೇ ಬರುವುದಿತ್ತು. ಟಾಂಗಾ ನಿಲ್ಲಿಸಿ ಇಳಿದರು. ನಾನು ಅಲ್ಲೇ ಇದ್ದೆ.

"ಇದು ಯಾವ ಪಾರ್ಟಿದೋ ಜಟ್ಟ್ಯಾ?"

"ಗುಡ್ಡ ಅದ್ರಿ ಸಾವ್ಕಾರ."

"ಕೆಂಪು ಯಾರ್ದು, ಹಸಿರು ಯಾರ್ದು, ನನಗ ಗೊತ್ತದ. ಆ ನೀಲಿ ಯಾರ್ದು ಅಂತನೂ ಗೊತ್ತದ."

"ನಿಮಗ ಭಾಳ ಗೊತ್ತದ ಬಿಡ್ರಿ. ನಾ ಬರ್ದಾಂವ, ನನಗ ಗೊತ್ತಿಲ್ಲ."

ಅಮೃತಪ್ಪನವರು ಹೋದ ಮೇಲೆ ನಾನು ನನ್ನ ಬುದ್ಧಿ ಹೇಳಿದೆ. ಚುನಾವಣೆ ಮುಗಿಯುವವರೆಗೆ ನೀಲಿ ಒಂದನ್ನು ಅಳಿಸು, ಆಮೇಲೆ ಹಚ್ಚಿಕೊಂಡರಾಯಿತು ಎಂದೆ. ಜಟ್ಟೆಪ್ಪ ಕೈ ಒರೆಸುತ್ತ ನನ್ನನ್ನು ನೋಡಿದ.

"ನೀಲಿ ತಗದ್ರ ಕೆಂಪು ಬೀಳ್ತದ. ಅದರ ಆಸರಕ್ಕ ನಿಂತದ ಅದು. ನೀ ಇನ್ನೂ ಕಿಡಕ್ಯಾಗಿಂದನ ಮಾತಾಡಾಕತ್ತೀ ನೋಡು."

ಆ ಮಾತು ನನಗೆ ಹತ್ತಿತು. ಎರಡು ದಿನ ಅವನ ಕಡೆ ಹೋಗಲಿಲ್ಲ. ಮೂರನೆಯ ದಿನ, ಸಾಹುಕಾರರು ಒಂದು ಬಕೀಟು ಸುಣ್ಣ ಕಳಿಸಿ, ಬೆಳಗಾಗುವುದರೊಳಗೆ ಗೋಡೆ ಬೆಳ್ಳಗಾಗಬೇಕು ಎಂದು ಹೇಳಿಕಳಿಸಿದ್ದಾರೆಂದು ತಿಳಿಯಿತು. ಮುಂಜಾನೆ ಎದ್ದವನೇ ಓಡಿದೆ.

ಗೋಡೆ ಇದ್ದ ಹಾಗೇ ಇತ್ತು. ಕೆಂಪು ಗುಡ್ಡದ ತುದಿಗೆ ಮಾತ್ರ ಒಂದು ಬಿಳಿ ಟೊಪ್ಪಿಗೆ ಬಂದಿತ್ತು. ಅರ್ಧ ತಾಸಿನಲ್ಲಿ ಟಾಂಗಾ ಬಂತು.

"ಸುಣ್ಣ ಎದಕ್ಕ ಕಳ್ಸಿದ್ದೆ ನಿನಗ?"

"ಹಿಮಕ್ಕ ಅಂತ ತಿಳ್ಕೊಂಡೆ. ಥಂಡ್ಯಾಗ ಅಲ್ಲಿ ಗುಡ್ಡಕ್ಕ ಹಿಮ ಬೀಳ್ತದ್ರಿ ಸಾವ್ಕಾರ. ಹಳದಿ ಗುಡ್ಡಕ್ಕ ಸಾಲ್ಲಿಲ್ಲ. ಇನ್ನೊಂದು ಬಕೀಟ ಕಳ್ಸಿದ್ರ ಪುಣ್ಯ ಬರ್ತದ."

ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಟಾಂಗಾದವನೂ ಕುದುರೆಯ ಕಡೆ ಮುಖ ತಿರುಗಿಸಿಕೊಂಡ. ಅಮೃತಪ್ಪನವರು ಟಾಂಗಾ ಹತ್ತಿ ಹೋದರು. ಎರಡು ದಿನಕ್ಕೆ ತಕರಾರಿನ ಮೇಲೆ ಒಬ್ಬ ಪೊಲೀಸ್ ಸಿಪಾಯಿ ಬಂದ. ಗೋಡೆಯ ಮುಂದೆ ಬಹಳ ಹೊತ್ತು ನಿಂತು, ತನ್ನ ಕಾಗದದಲ್ಲಿ ಯಾವ ಪಕ್ಷವೆಂದು ಬರೆಯುವ ಜಾಗ ಖಾಲಿ ಬಿಟ್ಟು ಹೊರಟುಹೋದ. ಅದಾದ ಮೇಲೆ ನಾಲ್ಕೈದು ಸಲ ಗೋಡೆಗೆ ಸಗಣಿ ಬಿತ್ತು. ಬಿದ್ದಾಗಲೆಲ್ಲ ದ್ರೌಪದಿ ತೊಳೆದಳು, ಅವನು ಮತ್ತೆ ಬಣ್ಣ ಹಚ್ಚಿದ.

ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ದ್ರೌಪದಿಯ ತಮ್ಮ ಅಂಬಾರಾಯ ನಾಗಪುರಕ್ಕೆ ಹೋಗಿ ಬಂದವನು. ಕೇರಿಯ ಮನೆಮನೆಗೆ ತಿರುಗಿ ಹಳೆಯ ದೇವರನ್ನು, ಹರಕೆಯನ್ನು, ಸೂತಕವನ್ನು ಬಿಡಿಸಿದ್ದ. ಅವನ ಮಾತಿನ ಮೇಲೆ ಜಟ್ಟೆಪ್ಪ, ದ್ರೌಪದಿ ಇಬ್ಬರೂ ದೀಕ್ಷೆ ತೆಗೆದುಕೊಂಡಿದ್ದರು. ಅಕ್ಕನ ಗಂಡನನ್ನು ಮರಾಠಿಯಂತೆ ದಾಜಿ ಎನ್ನುತ್ತಿದ್ದ.

"ದಾಜಿ, ಹೆಂಗಿದ್ರೂ ಊರು ಇದಕ್ಕ ನಮ್ಮ ಮಂದಿ ಗ್ವಾಡಿ ಅನ್ನಾಕತ್ತದ. ಪೂರಾ ನೀಲಿ ಮಾಡಿಬಿಡು. ನಡಕ ಧಮ್ಮಚಕ್ರ ಬರಿ. ಎದಿ ಉಬ್ಬಿಸಿ ನಿಂದರೂಣು."

"ಅಂವ ನೀಲಿ ತಗಿ ಅಂತಾನ. ನೀ ಉಳದದ್ದು ತಗಿ ಅಂತೀ. ಇಬ್ರೂ ಕೂಡಿ ಬರ್ರಿ, ಗ್ವಾಡಿನ ತಗೀತೀನಿ."

"ಚೇಷ್ಟಿ ಬ್ಯಾಡ ದಾಜಿ. ನಮ್ಮ ಮಂದಿಗಿಂತ ಆ ಕೋರಿಯಾದಾಂವ ಹೆಚ್ಚಾದ್ನೇನು?"

"ಯಾರ್ ಮುಂದೂ ಮಣೀಬಾರ್ದು ಅಂತ ನೀನ ಹೇಳ್ಕೊಟ್ಟಿ. ಹೇಳ್ಕೊಟ್ಟಾಂವನ ಮುಂದ ಮಣೀಲೇನು?"

ಅಂಬಾರಾಯ ಎದ್ದುಹೋದವನು ಎರಡು ವರ್ಷ ಅಕ್ಕನ ಹೊಸ್ತಿಲು ತುಳಿಯಲಿಲ್ಲ. ಕೇರಿಯವರು ಜಟ್ಟೆಪ್ಪನನ್ನು ಸಭೆಗೆ ಕರೆಯುವುದನ್ನು ಬಿಟ್ಟರು. ಊರವರು ಮೊದಲೇ ಕರೆಯುತ್ತಿರಲಿಲ್ಲ. ಇದು ಅವನಿಗೆ ನಾಟಲಿಲ್ಲ ಎಂದು ನಾನು ಹೇಳಲಾರೆ. ಸಭೆ ನಡೆಯುವ ದಿನ ಅವನು ಸೊಲ್ಲಾಪುರದಿಂದ ಬರುತ್ತಲೇ ಇರಲಿಲ್ಲ. ಆದರೆ ಪ್ರತಿ ವರ್ಷ ಮಳೆ ಬಣ್ಣ ತೊಳೆದುಕೊಂಡು ಹೋದ ಮೇಲೆ, ದಾರ ಜಗ್ಗಿ ಹೊಸದಾಗಿ ಬರೆದ. ಪ್ರತಿ ಸಲವೂ ನೀಲಿ ಇತ್ತು, ಪ್ರತಿ ಸಲವೂ ಕೆಂಪು ಇತ್ತು.

ಈ ವರ್ಷ ಮೇ ತಿಂಗಳಲ್ಲಿ ಕಾಮಣಿ ಆಯಿತು. ಕಣ್ಣು, ಉಗುರು ಹಳದಿಯಾದವು. ಬಣ್ಣದ ಅಂಗಳದವನಲ್ಲವೇ, ಮೊದಲ ವಾರ ಯಾರೂ ಲಕ್ಷ್ಯ ಕೊಡಲಿಲ್ಲ, ನಾನೂ ಕೊಡಲಿಲ್ಲ. ಹನ್ನೊಂದು ದಿನದಲ್ಲಿ ಹೋಗಿಬಿಟ್ಟ. ಮೂವತ್ತನಾಲ್ಕು ವರ್ಷ.

ಮೂರನೆಯ ದಿನ ತಡವಳದಿಂದ ಅವನ ಸೋದರತ್ತೆ ಹುಚ್ಚವ್ವ ನಾಲ್ಕು ಜನರೊಡನೆ ಬಂದಳು. ಜೊತೆಗೆ ಎರಡು ಕೊಡ ಸುಣ್ಣ. ಸೂತಕ ಕಳೆಯಲು ಸತ್ತ ಮನೆಗೆ ಸುಣ್ಣ ಬಳಿಯುವುದು ನಮ್ಮ ಕಡೆ ಎಲ್ಲ ಜಾತಿಯಲ್ಲೂ ಇದೆ. ಒಳಗೂ ಹೊರಗೂ ಬಳಿಯಬೇಕು. ಅಂಬಾರಾಯನೂ ಬಂದಿದ್ದ, ಗೋಡೆಗೆ ಬೆನ್ನು ಮಾಡಿ ನಿಂತಿದ್ದ. ಊರಿಗೂ ಕೇರಿಗೂ ಆಗದ ಕೆಲಸ ಈಗ ಯಾರ ಜಗಳವೂ ಇಲ್ಲದೆ ಆಗುವುದರಲ್ಲಿತ್ತು.

ಹೊಸ್ತಿಲ ಮೇಲೆ ಕೂತಿದ್ದ ದ್ರೌಪದಿ ತಲೆ ಎತ್ತಿದಳು.

"ಅಂಬಾರಾಯ, ನಮಗ ಸೂತಕ ಅದ ಏನು?"

ಅವನು ಸುಣ್ಣದ ಕೊಡಗಳ ಕಡೆ ನೋಡಿದ.

"ಮೂರು ವರ್ಷದ ಹಿಂದ ಇದ ಹೊಸ್ತಲ ಮ್ಯಾಗ ಕುಂತು ಏನ್ ಹೇಳಿದಿ? ಅತ್ತಿಗಿ ಹೇಳು."

"ಇಲ್ಲ ಅಂತ ಹೇಳೀನಿ."

"ಜೋರ್ಲೆ ಹೇಳು. ಅತ್ತಿಗಿ ಕಿವಿ ಮಂದ."

"ಸೂತಕ ಇಲ್ಲ ಆಯಿ," ಎಂದ ಅಂಬಾರಾಯ, ದನಿ ಏರಿಸಿ. "ಬಿಟ್ಟೀವಿ ನಾವು."

"ಅಷ್ಟು ದೂರ ಹೊತ್ಗೊಂಡು ಬಂದೀನಲ್ಲವ್ವ," ಎಂದಳು ಹುಚ್ಚವ್ವ. "ಈ ಸುಣ್ಣ ಏನ್ ಮಾಡ್ಲಿ?"

"ನಿಮ್ಮ ಮನಿಗಿ ಬಳ್ಕೋರಿ ಅತ್ತಿ. ನನ್ ಗ್ವಾಡಿಗಿ ಯಾರೂ ಕೈ ಹಚ್ಚೂದು ಬ್ಯಾಡ."

ಸುಣ್ಣ ತಡವಳಕ್ಕೆ ಮರಳಿ ಹೋಯಿತು. ಆದರೆ ಬಣ್ಣವನ್ನು ಮಳೆ ಬಿಡಲಿಲ್ಲ. ಸೆಪ್ಟೆಂಬರಿನ ಹೊತ್ತಿಗೆ ಕೆಂಪೆಲ್ಲ ಹಸಿರಿನೊಳಗೆ ಇಳಿದಿತ್ತು. ತನ್ನಷ್ಟಕ್ಕೇ ಅಳಿಯುತ್ತದೆಂದು ಜನ ಕಾದರು.

ಹೋದ ವಾರ ನಾನು ಸೊಲ್ಲಾಪುರಕ್ಕೆ ಹೋಗಿ ಅಂಗಳದ ಅವನ ಜೊತೆಗಾರರಿಂದ ನಾಲ್ಕು ಡಬ್ಬಿ ಬಣ್ಣ ತಂದೆ. ದಾರದ ಒಂದು ತುದಿ ನಾನು ಹಿಡಿದೆ. ದ್ರೌಪದಿ ನಿಚ್ಚಣಿಕೆ ಹತ್ತಿದಳು. ಅಂಬಾರಾಯ ಕರೆಯದೆ ಬಂದು ನಿಚ್ಚಣಿಕೆಗೆ ಕಾಲು ಕೊಟ್ಟು ನಿಂತ.

"ಅಕ್ಕ, ನೀಲಿ ಇನ್ನಷ್ಟು ಅಗಲ ಬರ್ಲಿ."

"ನೀ ನಿಚ್ಚಣಿಕಿ ಹಿಡಿ."

"ಬರೇ ಒಂದು ಗೇಣು."

"ಹಿಡೀತೀಯೋ, ನೀಲಗಂಗಾನ ಕರೀಲೋ?" ನೀಲಗಂಗಾ ಅವನ ಹೆಂಡತಿ. ಅವನು ನಿಚ್ಚಣಿಕೆಗೆ ಎರಡೂ ಕೈ ಕೊಟ್ಟ.

ಗೆರೆ ನೆಟ್ಟಗೆ ಬರಲಿಲ್ಲ. ತಪ್ಪು ನನ್ನ ಕೈಯದು. ಕೆಂಪು ಗುಡ್ಡ ರಸ್ತೆಯ ಕಡೆ ವಾಲಿತು, ತುದಿ ಗೋಡೆ ಸಾಲದೆ ಮಾಳಿಗೆಯ ಅಂಚಿನ ಮೇಲೆ ಹತ್ತಿತು. ಅಳಿಸಿ ಇನ್ನೊಮ್ಮೆ ದಾರ ಹೊಡೆಯೋಣ ಎಂದೆ. ದ್ರೌಪದಿ ಕೆಳಗಿಳಿದು, ರಸ್ತೆಯ ಆಚೆ ದಂಡೆಗೆ ಹೋಗಿ ನಿಂತು ನೋಡಿ, ಬೇಡವೆಂದಳು. ಈಗ ದುಧನಿಯಿಂದ ಬರುವ ಬಸ್ಸಿಗೆ ಅಕ್ಕಲಕೋಟೆಯಲ್ಲಿ ಮೊದಲು ಕಾಣುವುದು ಅದೇ.