ಜವರಪ್ಪನಿಗೆ ನಾಲ್ಕನೇ ಸಲ ಹೇಳಿದ ಮುತ್ತಮ್ಮ

ಮುತ್ತಮ್ಮನಿಗೆ ಅರವತ್ತು ದಾಟಿತ್ತು, ಅವಳ ಗಂಟಲಿಗೆ ಮಾತ್ರ ಇನ್ನೂ ಇಪ್ಪತ್ತು. ಹಗರೆ ಪಕ್ಕದ ದಿಬ್ಬದಹಳ್ಳಿಯಲ್ಲಿ ಯಾರ ತೋಟದಲ್ಲಿ ತೆಂಗಿನಕಾಯಿ ಕೆಡವಿದರೂ ಎಣಿಸಲು ಅವಳೇ ಬರಬೇಕು. ಒಂದು ಅನ್ನುವ ಬದಲು 'ಲಾಭ' ಅನ್ನುವುದು ಅಲ್ಲಿಯ ರೂಢಿ. ಅವಳು ಲಾಭ ಎಂದು ಶುರುಮಾಡಿದರೆ ಎದುರಿಗಿದ್ದವನು ಅವಳು ಕೂಗಿದ್ದನ್ನೇ ತಿರುಗಿ ಕೂಗಬೇಕು. ಬೀಡಿ ಹಚ್ಚುತ್ತ ಬರೀ 'ಹೂಂ' ಎಂದನೋ, ಎಣಿಸಿದ್ದನ್ನೆಲ್ಲ ರಾಶಿಗೆ ತಳ್ಳಿ ಮತ್ತೆ ಲಾಭದಿಂದ ಶುರು. ತೋಟದ ಯಜಮಾನ ಲಕ್ಕಪ್ಪನಿಗೇ ಹಾಗೆ ಮಾಡಿ ಒಂದು ಮಧ್ಯಾಹ್ನದ ಮುದ್ದೆ ತಪ್ಪಿಸಿದ್ದಳು.

ತೊಂಬತ್ತೆಂಟನೇ ಇಸವಿಯಲ್ಲಿ ಮೊಮ್ಮಗಳು ಕಾವ್ಯಶ್ರೀ ಬೇಲೂರಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ಬೆಳಗಿನ ಏಳೂ ಮುಕ್ಕಾಲಿನ ಖಾಸಗಿ ಬಸ್ಸು ರಸ್ತೆಯಿಂದ ಊರಿಗೆ ತಿರುಗುವ ಗೇಟಿನಲ್ಲಿ ನಿಲ್ಲದೆ ಹಾರಿಹೋಗುತ್ತಿತ್ತು. ಹಾಜರಿ ಕಡಿಮೆಯಾಗಿ, ಇನ್ನು ನಾಲ್ಕು ದಿನ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಖಡಾಖಂಡಿತವಾಗಿ ಹೇಳಿದ್ದರು. ಬಸ್ಸಿನ ಮಾಲೀಕ ಜವರಪ್ಪನ ಬಳಿ ಮುತ್ತಮ್ಮ ಮೂರು ಸಲ ಹೋಗಿಬಂದಿದ್ದಳು. ಮಕ್ಕಳದು ಅರ್ಧ ಟಿಕೆಟ್ಟು, ಅದಕ್ಕೇ ಈ ಕೊಬ್ಬು ಎಂದು ಊರಿಡೀ ಬೈದುಕೊಂಡೂ ಬಂದಿದ್ದಳು.

ಮೂರನೇ ಸಲ ಹೋಗಿಬಂದ ಸಂಜೆ ಕಾವ್ಯಶ್ರೀ ಇಂಗ್ಲಿಷ್ ಪುಸ್ತಕ ಹಿಡಿದು 'ಹಿಯರ್ ಅಂದ್ರೆ ಕೇಳು, ಲಿಸನ್ ಅಂದ್ರೆ ಕೇಳು' ಎಂದು ಬಾಯಿಪಾಠ ಮಾಡುತ್ತಿದ್ದಳು.

"ಅದೇನೇ ಅದು, ಒಂದನ್ನೇ ಎರಡೆರಡು ಸಲ ಓದ್ತೀಯಾ?"

"ಎರಡೂ ಬೇರೆ ಕಣಜ್ಜಿ. ಹಿಯರ್ ಅಂದ್ರೆ ಸದ್ದು ಸುಮ್ನೆ ಕಿವಿಗೆ ಬೀಳೋದು. ಲಿಸನ್ ಅಂದ್ರೆ ನಾವು ಮನಸ್ಸಿಟ್ಟು ಕಿವಿ ಕೊಡೋದು."

"ಹಂಗಾರೆ ಆ ಜವರಪ್ಪ ಮೂರು ಸಲಾನೂ ಹಿಯರ್ ಮಾಡವ್ನೆ. ನಾಳೆ ಲಿಸನ್ ಮಾಡಿಸ್ತೀನಿ."

"ಅದನ್ನ ಮಾಡಿಸಕ್ಕಾಗಲ್ಲ ಕಣಜ್ಜಿ, ಅವ್ರೇ ಮಾಡ್ಬೇಕು."

"ಕಾಯಿ ಎಣಿಸೋರ ಕೈಲಿ ಮಾಡಿಸ್ತಿಲ್ವೇನೇ?"

ಮರುದಿನ ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಜವರಪ್ಪ ಬೆಂಚಿನ ಮೇಲೆ ಪೇಪರ್ ಹರಡಿ ಕೂತಿದ್ದ.

"ಜವರಪ್ಪಾರೇ, ಏಳೂ ಮುಕ್ಕಾಲಿನ ಬಸ್ಸು ದಿಬ್ಬದಹಳ್ಳಿ ಗೇಟಲ್ಲಿ ನಿಲ್ತಿಲ್ಲ. ಆರು ಹೆಣ್ಮಕ್ಳು ಕಾಯ್ತವೆ. ಇನ್ನು ನಾಕು ದಿನ ತಪ್ಪುದ್ರೆ ನಮ್ಮ ಹುಡುಗಿಗೆ ಪರೀಕ್ಷೆ ಇಲ್ಲ."

"ಹೂಂ ಕಣಮ್ಮ, ಹೇಳ್ತೀನಿ ಹೋಗು."

"ಹೂಂ ಬ್ಯಾಡ. ನಾ ಹೇಳಿದ್ದ ತಿರುಗ ಹೇಳಿ."

"ಹೂಂ ಅಂದ್ನಲ್ಲಮ್ಮ!"

"ಲಾಭ!" ಎಂದು ಕೂಗಿದಳು ಮುತ್ತಮ್ಮ. ಮತ್ತೆ ಏಳೂ ಮುಕ್ಕಾಲಿನಿಂದ ಶುರುಮಾಡಿದಳು. ಅದಕ್ಕೂ ಅವನು ಹೂಂ ಅಂದ. ಮತ್ತೆ ಲಾಭ. ಹಾಸನದ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸುತ್ತ ನೆರೆದರು.

"ಹೇಳ್ಬುಡಿ ಯಜಮಾನ್ರೇ," ಹೂ ಮಾರುವ ರುದ್ರಮ್ಮ ನಕ್ಕಳು. "ಆಯಮ್ಮಂದು ಹತ್ತು ಸಾವಿರ ಕಾಯಿ ಎಣಿಸೋ ಗಂಟ್ಲು. ನಿಮ್ಮ ಪೇಪರ್ ಮುಗೀತದೆ, ಅದು ಮುಗಿಯಾಕಿಲ್ಲ."

ಜವರಪ್ಪ ಪೇಪರ್ ಮಡಚಿದ. ಶಾಲೆಯ ಹುಡುಗನಂತೆ ಒಪ್ಪಿಸತೊಡಗಿದ. "ಏಳೂ ಮುಕ್ಕಾಲು. ದಿಬ್ಬದಹಳ್ಳಿ ಗೇಟು. ಆರು ಹೆಣ್ಮಕ್ಳು. ಇನ್ನು ನಾಕು ದಿನ..." ಅಲ್ಲಿ ನಿಂತ. "ನಾಕೇ ದಿನಾನಾ? ಮೊದ್ಲೇ ಹೇಳ್ಬಾರ್ದೇನಮ್ಮ?"

ಜನ ಹೋ ಎಂದು ನಕ್ಕರು. ಅವನಿಗೆ ರೇಗಿತು.

"ಈಗ ನಂದೂ ಕೇಳು. ನಿಮ್ಮ ಗೇಟಿರೋದು ಏರಲ್ಲಿ. ತುಂಬಿದ ಬಸ್ಸು ಅಲ್ಲಿ ನಿಂತ್ರೆ ಹಿಂದಕ್ಕೆ ಜಾರುತ್ತೆ. ಹೋದ ತಿಂಗ್ಳು ಚರಂಡಿಗೆ ಇಳಿಯೋದ್ರಲ್ಲಿತ್ತು."

"ಹೂಂ," ಅಂದಳು ಮುತ್ತಮ್ಮ.

"ಹೂಂ ಬ್ಯಾಡ! ತಿರುಗ ಹೇಳು!"

ಈ ಸಲ ರುದ್ರಮ್ಮ ಹೂವಿನ ಬುಟ್ಟಿ ಹಿಡಿದುಕೊಂಡೇ ನಗಬೇಕಾಯಿತು. ಮುತ್ತಮ್ಮ ಸೆರಗು ಸರಿಮಾಡಿಕೊಂಡು ಒಪ್ಪಿಸಿದಳು. "ಗೇಟು ಏರಲ್ಲೈತೆ. ತುಂಬಿದ ಬಸ್ಸು ಜಾರ್ತೈತೆ." ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಟಿಕೆಟ್ಟಿನ ಬೈಗುಳ ಬಾಯಲ್ಲೇ ಉಳಿಯಿತು. ಈ ಮನುಷ್ಯ ಜಿಪುಣನಲ್ಲ, ಬಾಯಿಬಿಟ್ಟು ಹೇಳುವುದಕ್ಕೆ ಸೋಮಾರಿ ಅಷ್ಟೇ. ಮೂರು ಸಲ ಬಂದಾಗಲೂ ಕಾರಣ ಏನೆಂದು ಅವನು ಹೇಳಿರಲಿಲ್ಲ, ಅವಳು ವಿಚಾರಿಸಿರಲಿಲ್ಲ.

"ಏರು ಹತ್ತಿದ ಮ್ಯಾಲೆ ಹುಣಸೆಮರದತ್ರ ಸಮತಟ್ಟೈತೆ. ಮಕ್ಳು ಅಲ್ಲೀಗಂಟ ನಡೀತವೆ. ನಿಲ್ಲಿಸ್ತೀರೋ?"

"ನಿಲ್ಲಿಸ್ತೀನಿ. ಲಾಭ ಅನ್ಬೇಡ ತಾಯಿ."

ಮರುದಿನ ಬೆಳಗ್ಗೆ ಆರೂ ಹುಡುಗಿಯರನ್ನು ಮುಂದೆ ಬಿಟ್ಟುಕೊಂಡು ಮುತ್ತಮ್ಮ ಏರು ಹತ್ತಿದಳು. ಬಸ್ಸು ಗೇಟು ದಾಟಿ ಏದುಸಿರು ಬಿಡುತ್ತ ಬಂತು, ಸಮತಟ್ಟಿನಲ್ಲಿ ಕಿರ್ರೆಂದು ನಿಂತಿತು.

"ಏನಜ್ಜಿ, ನೀನೂ ಕಾಲೇಜಾ?" ಕಂಡಕ್ಟರ್ ಛೇಡಿಸಿದ.

"ನಿಂಗೆ ಹಾಜರಿ ಹಾಕಕ್ಕೆ ಬಂದಿದೀನಿ ಕಣ್ಲಾ. ನಾಳೇನೂ ಬತ್ತೀನಿ."

ಬಂದಳು, ಹದಿನೈದು ದಿನ ಬಿಡದೆ. ಕಾವ್ಯಶ್ರೀ ಪರೀಕ್ಷೆ ಬರೆದಳು.