ಉಪ್ಪು ನೋಡುವ ಅಧಿಕಾರ

ಇವತ್ತು ಯುಗಾದಿ ಬೆಳಿಗ್ಗೆ ಅಮೆರಿಕದ ಜರ್ಮನ್‌ಟೌನಿನ ಬಾಡಿಗೆ ಸಭಾಂಗಣದ ಅಡುಗೆಮನೆಯಲ್ಲಿ ಹುಳಿಪುಡಿ ಡಬ್ಬದ ಮುಚ್ಚಳ ತೆಗೆದೆ ನೋಡಿ, ಇಂಗಿನ ಘಾಟಿಗೆ ನಿಂತಲ್ಲೇ ಕೆಲವು ವರ್ಷ ಹಿಂದಕ್ಕೆ ತೇಲಿಹೋದೆ. ಆಗೆಲ್ಲ ಇಲ್ಲಿನ ಕನ್ನಡಿಗರ ಯುಗಾದಿ ಊಟಕ್ಕೆ ಉಪ್ಪು ನೋಡುತ್ತಿದ್ದವರು ಶೇಷಾದ್ರಿ ಅಂಕಲ್. ನೂರೈವತ್ತು ಜನರ ಹುಳಿ. ಅವರು ಅಂಗೈಗೆ ಒಂದು ತೊಟ್ಟು ಹಾಕಿಸಿಕೊಂಡು, ಕಣ್ಣು ಮುಚ್ಚಿ ನೆಕ್ಕಿ, "ಸರಿಯಾಗಿದೆ" ಅನ್ನುವವರೆಗೆ ಒಲೆ ಆರಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಅಂಕಲ್‌ಗೆ ಇನ್ನೊಂದು ಹುಚ್ಚಿತ್ತು, ಯುದ್ಧ ಗೆದ್ದು ಆಮೇಲೆ ಈ ದೇಶದ ಮೊದಲ ಅಧ್ಯಕ್ಷನಾದ ಸೇನಾಪತಿಯದು. ಯಾರ ಅಪ್ಪ ಅಮ್ಮ ಇಲ್ಲಿಗೆ ಬಂದರೂ ಕಾರು ಹತ್ತಿಸಿಕೊಂಡು ನದಿ ದಂಡೆಯ ಅವನ ಮನೆ ತೋರಿಸಲು ಹೊರಡುತ್ತಿದ್ದರು. ಜೊತೆಗೆ ನಾನೂ. ಹುಲ್ಲಿನ ಇಳಿಜಾರಿನಾಚೆ ನದಿ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಂಥ ಮಧ್ಯಾಹ್ನಗಳು ಅವು.

"ಯುದ್ಧ ಗೆಲ್ಲೋದೇನ್ ಮಹಾ ಬಿಡಮ್ಮ," ಅನ್ನುತ್ತಿದ್ದರು. "ಸೈನ್ಯ ಪೂರ್ತಿ ಅವನ ಮಾತು ಕೇಳ್ತಿತ್ತು. ಆದ್ರೂ ಅಧಿಕಾರ ಒಪ್ಪಿಸಿ ಮನೆಗೆ ಬಂದ. ದೇಶ ನಡೆಸು ಅಂತ ಕರೆದ್ರು, ಎರಡು ಸಲ ನಡೆಸಿ, ಸಾಕು ಅಂತ ಮತ್ತೆ ಇಲ್ಲಿಗೇ ಬಂದ. ಕೆಲಸಕ್ಕೆ ಅಂತ ಕೊಟ್ಟ ಅಧಿಕಾರ, ಕೆಲಸ ಮುಗಿದ್ಮೇಲೆ ವಾಪಸ್ ಕೊಡ್ಬೇಕು ಅನ್ನೋದು ಅವನ ಲೆಕ್ಕ."

ಗುಲಾಮರ ಕೋಣೆಗಳ ಹತ್ತಿರ ಮಾತ್ರ ಅಂಕಲ್ ನಡಿಗೆ ಚುರುಕಾಗುತ್ತಿತ್ತು. ದೇಶವನ್ನೇ ಬಿಟ್ಟುಕೊಟ್ಟವನು ತನ್ನ ಹಿತ್ತಲಿನ ಜನರನ್ನು ಸಾಯುವವರೆಗೂ ಬಿಡಲಿಲ್ಲ. ಅದ್ಯಾಕೆ ಅಂತ ಕೇಳಲು ನನಗೂ ಬಾಯಿ ಬರುತ್ತಿರಲಿಲ್ಲ.

ಕೋವಿಡ್ ಅಂತ ಎರಡು ವರ್ಷ ಬಿಟ್ಟು ಸೇರಿದ ಯುಗಾದಿ. ಹುಳಿಗೆ ಉಪ್ಪು ಹಾಕಿದ್ದೆ. ಅಂಕಲ್ ನೆಕ್ಕಿ, "ಸಪ್ಪೆ, ಇನ್ನೆರಡು ಹಿಡಿ ಹಾಕು" ಎಂದರು. ಹಾಕಿದೆ, ನನ್ನ ಬುದ್ಧಿಗಿಷ್ಟು. ದೊಡ್ಡವರೆಲ್ಲ ನೀರು ಕುಡಿಕುಡಿದು ಮರ್ಯಾದೆಯಿಂದ ಉಂಡರು. ಒಂದು ಮಗು ಮಾತ್ರ ತಟ್ಟೆ ದೂಡಿ, "ತಾತಾ, ಟೂ ಸಾಲ್ಟಿ" ಅಂದುಬಿಟ್ಟಿತು.

ಸಂಜೆ ಅವರನ್ನು ಮನೆಗೆ ಬಿಡಲು ನಾನೇ ಡ್ರೈವ್ ಮಾಡಿದೆ. ಹೈವೇ ಹತ್ತಿದ ಮೇಲೆ ಅಂಕಲ್ ಬಾಯಿಬಿಟ್ಟರು.

"ಕೋವಿಡ್ ಬಂದು ಹೋದಾಗ್ನಿಂದ ನಾಲಿಗೆಗೆ ಏನೂ ಗೊತ್ತಾಗಲ್ಲಮ್ಮ."

"ಮೊದ್ಲೇ ಹೇಳ್ಬಾರದಿತ್ತಾ ಅಂಕಲ್?"

"ಹೇಳಿದ್ರೆ ಅಡುಗೆಮನೆಗೆ ನನ್ನನ್ನ ಯಾರಮ್ಮ ಕರೀತಿದ್ರು?"

ಮರುವರ್ಷ ಉಪ್ಪು ನೋಡುವವಳು ನಾನಾದೆ, ಹೊರಗೆ ಕುರ್ಚಿಯಲ್ಲಿ ಕೂತಿದ್ದ ಅವರನ್ನು ಒಂದು ಸಲವೂ ಒಳಗೆ ಕರೆಯಲಿಲ್ಲ. ಕರೆಯಬೇಕು ಅನ್ನಿಸಿತ್ತು, ಕರೆದರೆ ಎಲ್ಲಿ ಮತ್ತೆ ಅಂಗೈ ಚಾಚುತ್ತಾರೋ ಅನ್ನೋ ಭಯ. ಈಗ ಅವರಿಲ್ಲ.

ನನಗೂ ಬಿಪಿ ಬಂದು, ಡಾಕ್ಟರ್ ಉಪ್ಪು ಬಿಡಿಸಿ, ನಾಲಿಗೆ ಕೆಟ್ಟಿದೆ, ಚೂರು ಉಪ್ಪೂ ಜಾಸ್ತಿ ಅನ್ನಿಸುತ್ತದೆ. ಹೋದ ವರ್ಷ ಹುಳಿಗೆ ಉಪ್ಪೇ ಇರಲಿಲ್ಲವಂತೆ. ಯಾರೂ ಹೇಳಲಿಲ್ಲ, ಮಗಳ ಬಾಯಿಂದ ಗೊತ್ತಾಯಿತು.

ಇವತ್ತು ಹುಳಿ ಕುದಿ ಬಂದಾಗ ಅಡುಗೆಗೆ ಬಂದಿದ್ದ ಹುಡುಗಿ, ಪಕ್ಕದೂರು ಕ್ಲಾರ್ಕ್ಸ್‌ಬರ್ಗಿನ ಅನಘಾ ಸೌಟು ಹಿಡಿದು, "ಆಂಟಿ, ಉಪ್ಪು ನೋಡ್ತೀರಾ?" ಅಂದಳು. ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡು, "ನನಗೆ ಗೊತ್ತಾಗಲ್ಲ ಕಣಮ್ಮ. ಇನ್ಮೇಲೆ ನೀನೇ ನೋಡು" ಅಂದೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಹೊರಗೆ ಬಂದು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತೆ. ಊಟಕ್ಕೆ ಎಲೆ ಹಾಕುವವರೆಗೂ ಒಳಗಿಂದ ಯಾರೂ ಕರೆಯಲಿಲ್ಲ.